3060 ಕೇಳಿದ್ರಿ, 3060 ಕೊಟ್ಟೀನಲ್ರೀ

ಮೊದಲೇ ಒಪ್ಪಿಕೊಳ್ಳುತ್ತೇನೆ, ತಪ್ಪು ನನ್ನದೂ ಇದೆ. ಡಬ್ಬಿಯ ಮೇಲೆ ಬರೆದಿದ್ದನ್ನು ನಾನು ಓದಲಿಲ್ಲ. ಆದರೆ ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಎಂಟು ತಿಂಗಳು ಕೂಡಿಟ್ಟ ರೊಕ್ಕ ಕೊಟ್ಟು, ಒಂದು ದಿನ ರಜೆ ಹಾಕಿ, ಹಾವೇರಿಯಿಂದ ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದವನಿಗೆ ರಾತ್ರಿ ಹನ್ನೊಂದಕ್ಕೆ ಸ್ಕ್ರೀನ್ ಮೇಲೆ ‘8192 ಎಂಬಿ’, ಅಂದರೆ ಕೇಳಿದ್ದ 12 ಜಿಬಿ ಮೆಮೊರಿಯ ಬದಲು 8 ಜಿಬಿ, ಅಂತ ಕಂಡರೆ ಮೈ ಉರಿಯುತ್ತದೆ. ಇವತ್ತಿಗೆ ನಾಲ್ಕು ದಿನ. ಇನ್ನೂ ಉರಿಯುತ್ತಿದೆ.

ನನ್ನದು ಐದು ವರ್ಷದ ಹಳೆಯ ಪಿಸಿ. ರೈಝೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡು, 1080ಪಿ ಮಾನಿಟರ್. ಒಳಗಿದ್ದದ್ದು ಜಿಟಿಎಕ್ಸ್ 1650, 4 ಜಿಬಿ ಕಾರ್ಡು. ಪಾಪ, ಅದು ಚೆನ್ನಾಗಿಯೇ ದುಡಿಯಿತು. ಆದರೆ ಈಗಿನ ಗೇಮ್ ಹಾಕಿದರೆ ಎದುರಿಗೆ ಬಂದ ಮನುಷ್ಯನಿಗೆ ಮೊದಲು ಹಲ್ಲು ಮೂಡುತ್ತಿತ್ತು, ಆಮೇಲೆ ಮುಖ. ಹೊಸ ಕಾರ್ಡು ಬೇಕಿತ್ತು. ಕೈಯಲ್ಲಿ ಇದ್ದದ್ದು 27 ಸಾವಿರ. ಇದಕ್ಕೆ ಮಿಡ್ ರೇಂಜ್ ಅಂತಾರೆ. ನಮ್ಮ ಮನೆಯಲ್ಲಿ ಅದು ಅವ್ವನ ಕಿವಿಯೋಲೆ ರೇಂಜು.

ಯಾವುದು ತಗೊಳ್ಳಲಿ ಅಂತ ಕೇಳಿದ್ದೇ ಕೇಳಿದ್ದು, ಎಲ್ಲರ ಬಾಯಲ್ಲೂ ಒಂದೇ ಮಂತ್ರ. ‘ಇನ್ನ ಐದ್ ಸಾವಿರ ಹಾಕು.’ ಧಾರವಾಡದಲ್ಲಿ ಓದೋ ದೋಸ್ತನಿಗೆ ಫೋನ್ ಮಾಡಿದೆ. ‘27ಕ್ಕ ಏನ್ ಬರ್ತೈತಿ ದೋಸ್ತಾ, ಇನ್ನೊಂದ್ ಮೂರು ಹಾಕು, 5060 ತಗೋ’ ಅಂದ. ಸರಿ, 5060 ನೋಡಿದೆ. ಮೇ 2025ರಲ್ಲಿ ಬಂದ ಹೊಸ ಕಾರ್ಡು. ಮೆಮೊರಿ 8 ಜಿಬಿ. ‘8 ಸಾಲಂಗಿಲ್ಲ, 5060 ಟಿಐ ನೋಡು’ ಅಂದ. ಅದನ್ನೂ ನೋಡಿದೆ. ಅದರಲ್ಲಿ 8 ಜಿಬಿಯದ್ದೂ ಇದೆ, 16 ಜಿಬಿಯದ್ದೂ ಇದೆ. 8ರದ್ದು ಬೇಡ, 16ರದ್ದೇ ತಗೋ ಅಂದ. ಅಲ್ಲಿಗೆ 27 ಹೋಗಿ 45 ಆಗಿತ್ತು. ‘ಇಷ್ಟ್ ಹಾಕಾವ ಮದರ್‌ಬೋರ್ಡೂ ಬದಲಿ ಮಾಡಿಬಿಡು, ಇಲ್ಲಾಂದ್ರ ಬಾಟಲ್‌ನೆಕ್ ಆಗ್ತೈತಿ.’ ಈ ಬಾಟಲ್‌ನೆಕ್ ಅನ್ನೋ ಮಾತನ್ನು ಯಾರು ಕಂಡುಹಿಡಿದರೋ. ಯಾವುದಕ್ಕೆ ಯಾವುದು ಅಡ್ಡ ಬರುತ್ತದೆ ಅಂತ ತಿರುಗಿ ಕೇಳಿದರೆ ಒಬ್ಬರೂ ಬಾಯಿ ಬಿಡಲ್ಲ.

ಯೂಟ್ಯೂಬಿನವರ ಕಥೆ ಇನ್ನೊಂದು. 25 ಸಾವಿರದ ಕಾರ್ಡನ್ನು 40 ಸಾವಿರದ ಪ್ರೊಸೆಸರ್ ಜೊತೆ ಇಟ್ಟು ಪರೀಕ್ಷೆ ಮಾಡುತ್ತಾರೆ. ಅಷ್ಟು ದುಬಾರಿ ಪ್ರೊಸೆಸರ್ ಇದ್ದವನು ಈ ಕಾರ್ಡು ಯಾಕೆ ತಗೊಳ್ಳುತ್ತಾನೆ ಸ್ವಾಮಿ? ಮೇಲೆ 5060ಕ್ಕೆ ‘ಬರೀ 299 ಡಾಲರ್’ ಅಂತ ಒಂದು ಮಾತು. ಡಾಲರಿಗೆ 85 ರೂಪಾಯಿ ಹಿಡಿದರೂ 25 ಸಾವಿರ ದಾಟುತ್ತದೆ. ಅದಕ್ಕೆ ನಮ್ಮ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ. 30 ಸಾವಿರ. ಅಂಗಡಿಯವನ ಲಾಭ ಇನ್ನೂ ಹಿಡಿದಿಲ್ಲ.

ಆದ್ದರಿಂದ ನಾನೇ ಕೂತು ಲೆಕ್ಕ ಹಾಕಿದೆ. ಮೂರು ವಾರ, ದಿನಾ ರಾತ್ರಿ. ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿಗೆ ಪಿಸಿಐಇ ಅಂತಾರೆ, ಅದರ ಒಂದೊಂದು ಸಾಲಿಗೆ ಲೇನು. ನನ್ನ ಬೋರ್ಡಿನದ್ದು ಹಳೆಯ ಪಿಸಿಐಇ 3.0. 4060, 5060, ಆರ್‌ಎಕ್ಸ್ 7600, ಇವೆಲ್ಲ 8 ಲೇನಿನ ಕಾರ್ಡುಗಳು. ಹೊಸ ಬೋರ್ಡಿನಲ್ಲಿ ಇದರಿಂದ ಏನೂ ತೊಂದರೆ ಇಲ್ಲ. ನನ್ನ ಹಳೆಯ ಬೋರ್ಡಿನಲ್ಲಿ ಒಂದೊಂದು ಲೇನಿನ ವೇಗವೂ ಅರ್ಧ, ಇಲ್ಲವೇ ಅದಕ್ಕೂ ಕಮ್ಮಿ. ಕಾರ್ಡಿನ ಮೆಮೊರಿ ತುಂಬುವವರೆಗೆ ಇದು ಗೊತ್ತೇ ಆಗಲ್ಲ. ತುಂಬಿದ ಮೇಲೆ ಇದೆ ಆಟ. ಅಂಗಡಿಯಲ್ಲಿ ಜಾಗ ಸಾಲದೆ ಒಂದೊಂದೇ ಚೀಲವನ್ನು ಗೋದಾಮಿನಿಂದ ಹೊತ್ತು ತಂದ ಹಾಗೆ, ಕಾರ್ಡು ಕಂಪ್ಯೂಟರಿನ ರ‍್ಯಾಮಿಗೆ ಓಡಾಡಲು ಶುರು ಮಾಡುತ್ತದೆ. ಓಣಿ ಇಕ್ಕಟ್ಟಾಗಿದ್ದರೆ ಗೇಮ್ ತಟಕ್ ತಟಕ್ ಅಂತ ನಿಂತು ನಿಂತು ಹೋಗುತ್ತದೆ. ಅಂದರೆ 8 ಜಿಬಿ ಮೆಮೊರಿಯೂ 8 ಲೇನೂ ಒಂದೇ ಕಡೆ ಸೇರಿದರೆ ನನ್ನಂಥ ಹಳೆಯ ಬೋರ್ಡಿನವನಿಗೇ ಎರಡು ಪೆಟ್ಟು.

ಇಂಟೆಲ್‌ನ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ, ರೇಟೂ ಕೈಗೆ ಹತ್ತುವಂಥದ್ದು. ಆದರೆ ಹಳೆಯ ಪ್ರೊಸೆಸರ್ ಜೊತೆ ಅದು ಪೂರ್ತಿ ಶಕ್ತಿ ತೋರಿಸಲ್ಲ. ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ನನ್ನ ಬೋರ್ಡಿಗೆ ಹೇಳಿ ಮಾಡಿಸಿದ ಕಾರ್ಡು, 16 ಲೇನೂ ಇದೆ. ಆದರೆ ನನಗೆ ಹೇಳಿದ ರೇಟು 38 ಸಾವಿರ. ಕೈ ಮುಗಿದೆ. ಅದಕ್ಕೂ ಅದೇ ಹೆಸರಿನಲ್ಲಿ 8 ಜಿಬಿಯ ತಮ್ಮ ಒಬ್ಬ ಇದ್ದಾನೆ ಅನ್ನೋದು ಬೇರೆ ಮಾತು.

ಕೊನೆಗೆ ಉಳಿದದ್ದು ಆರ್‌ಟಿಎಕ್ಸ್ 3060, 12 ಜಿಬಿ. 2021ರದ್ದು, ಹಳೆಯದು, ನಿಜ. ಆದರೆ 12 ಜಿಬಿ, 16 ಲೇನು. ನನ್ನ ಪಿಸಿಗೆ ಇದೇ ಸರಿ ಅಂತ ತೀರ್ಮಾನ ಮಾಡಿದೆ. 170 ವ್ಯಾಟ್ ಎಳೆಯುತ್ತದೆ ಅಂತ ಮೊದಲೇ ಪಿಸಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಕೂಡ ಬೇರೆ ಹಾಕಿಸಿದ್ದೆ.

ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಹೆಸರು ಬೇಡ. ‘ಅಣ್ಣಾರ, 3060 12 ಜಿಬಿದು ಐತೇನ್ರಿ?’ ‘3060 ಐತಿ, ಬರ್ರಿ.’ ‘12 ಜಿಬಿದು?’ ‘ಹೂಂ, 3060 ಐತಿ, ಬರ್ರಿ ಬರ್ರಿ.’ ಈಗ ನೆನಪಿಸಿಕೊಂಡರೆ ಆ ಮನುಷ್ಯ ಒಂದು ಸಲವೂ ಬಾಯಿಬಿಟ್ಟು 12 ಅನ್ನಲಿಲ್ಲ.

ಹೋದೆ. ಚೆನ್ನಮ್ಮ ಸರ್ಕಲ್ಲಿನ ಫ್ಲೈಓವರ್ ಕೆಲಸದ ಧೂಳು ಕುಡಿದು, ಮೊದಲು ಕೊಪ್ಪಿಕರ್ ರೋಡಿನ ಕಡೆ ಬೇರೆ ಎರಡು ಅಂಗಡಿಯಲ್ಲಿ ರೇಟು ವಿಚಾರಿಸಿದೆ. ಒಂದರಲ್ಲಿ ಹುಡುಗ ‘ಎಷ್ಟ್ ಜಿಬಿದು ಬೇಕ್ರಿ?’ ಅಂದ, ಬೆಲ್ಲ ಎಷ್ಟು ಕಿಲೋ ಅಂತ ಕೇಳಿದ ಹಾಗೆ. ತೆಗೆದು ತೋರಿಸಿದ್ದು ಜಿಟಿ 730. ‘4 ಜಿಬಿ ಐತಿ, ಗೇಮಿಂಗ್ ಕಾರ್ಡ್‌ರೀ.’ ಅದು 2014ರ ಕಾರ್ಡಪ್ಪಾ! ಅದು ಬಂದಾಗ ನಾನು ಹೈಸ್ಕೂಲು. ಸುಮ್ನೆ ಹೊರಗೆ ಬಂದೆ.

ಫೋನ್ ಮಾಡಿದ್ದ ಅಂಗಡಿಯಲ್ಲಿ ಗಿರಾಕಿಗಳು ಮುಕುರಿದ್ದರು. ಡಬ್ಬಿ ತಂದು ಕರಿ ಚೀಲದಲ್ಲಿ ಹಾಕಿದರು. 26,500. ಬಿಲ್ಲಿನ ಮೇಲೆ ‘ಗ್ರಾಫಿಕ್ ಕಾರ್ಡ್ 3060, ನಗ 1’. ಅಷ್ಟೇ. ನನಗೆ ಏಳೂವರೆ ಬಸ್ಸಿನ ಅವಸರ. ಡಬ್ಬಿಯ ಮೇಲೆ ದೊಡ್ಡದಾಗಿ 3060 ಅಂತ ಇತ್ತು, ಖುಷಿಯಾಯಿತು, ಎದೆಗವಚಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದವರು ‘ಏನ್ರಿ ಅದು, ಮಿಕ್ಸರ್ರಾ?’ ಅಂತ ಕೇಳಿದರು. ಹೌದು ಅಂದೆ. ಯಾರು ವಿವರಿಸುತ್ತಾರೆ.

ಮನೆಗೆ ಬಂದು ಸೀಲು ಒಡೆದು, ಕಾರ್ಡು ಕೂರಿಸಿ, ಡ್ರೈವರ್ ಹಾಕಿ, ಕಾರ್ಡಿನ ಜಾತಕ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದೆ. ಮೆಮೊರಿ 8192 ಎಂಬಿ. ಮೆಮೊರಿ ಬಸ್, ಅಂದರೆ ಮೆಮೊರಿಗೆ ಹೋಗುವ ದಾರಿಯ ಅಗಲ, 128 ಬಿಟ್. ಎರಡು ಸಲ ರೀಸ್ಟಾರ್ಟ್ ಮಾಡಿದೆ, ನಂಬಿಕೆಯೇ ಬರಲಿಲ್ಲ. ಆಮೇಲೆ ಡಬ್ಬಿ ತಿರುಗಿಸಿ ನೋಡಿದರೆ ಮೂಲೆಯಲ್ಲಿ, ಜ್ವರದ ಮಾತ್ರೆಯಷ್ಟು ಜಾಗದಲ್ಲಿ, 8ಜಿ.

ಹೌದು. 3060ರಲ್ಲೂ ಎರಡಿವೆ. 2022ರ ಕೊನೆಗೆ ಎನ್ವಿಡಿಯಾ ಕಂಪನಿಯವರು ಅದೇ ಹೆಸರಿಟ್ಟು 8 ಜಿಬಿಯದ್ದನ್ನು ಬಿಟ್ಟಿದ್ದಾರೆ. ಮೆಮೊರಿ 12ರಿಂದ 8ಕ್ಕೆ ಇಳಿದಿದೆ. ಬಸ್ 192ರಿಂದ 128ಕ್ಕೆ. ಮೆಮೊರಿಯ ವೇಗ ಸೆಕೆಂಡಿಗೆ 360 ಜಿಬಿಯಿಂದ 240ಕ್ಕೆ. ಮೂರರಲ್ಲೂ ಸರಿಯಾಗಿ ಮೂರನೇ ಒಂದು ಪಾಲು ಮಾಯ. ಹೆಸರಿನಲ್ಲಿ ಮಾತ್ರ ಒಂದು ಅಕ್ಷರವೂ ಕಮ್ಮಿಯಾಗಿಲ್ಲ. ಇದೇನು ಹೊಸ ಚಾಳಿಯೂ ಅಲ್ಲ. 2016ರಲ್ಲಿ ಇವರದೇ 1060 ಕಾರ್ಡು ಬಂದಾಗ 6 ಜಿಬಿಯದ್ದರಲ್ಲಿ ಲೆಕ್ಕ ಮಾಡುವ ಕೋರ್ 1280, 3 ಜಿಬಿಯದ್ದರಲ್ಲಿ 1152. 2018ರಲ್ಲಿ ಜಿಟಿ 1030 ಕಾರ್ಡಿಗೆ ನಿಧಾನದ ಡಿಡಿಆರ್4 ಮೆಮೊರಿ ಹಾಕಿ ಬಿಟ್ಟಾಗ ಮೆಮೊರಿಯ ವೇಗ 48ರಿಂದ 17ರ ಹತ್ತಿರಕ್ಕೆ ಬಿತ್ತು. ಹೆಸರು ಅದೇ. ನಾಯಿಗೆ ಬೇರೆ ಹೆಸರು, ನರಿಗೆ ಬೇರೆ ಹೆಸರು ಇಡುವಷ್ಟು ಬುದ್ಧಿ ನಮ್ಮ ಹಿರಿಯರಿಗಿತ್ತು. ಇವರಿಗೆ ನಂಬರ್ ಖರ್ಚಾಗಿಬಿಡುತ್ತದೆ ಅಂತ ಹೆದರಿಕೆಯೇ?

ಮರುದಿನ ಬೆಳಿಗ್ಗೆ ಫೋನ್ ಮಾಡಿದೆ. ‘3060 ಕೇಳಿದ್ರಿ, 3060 ಕೊಟ್ಟೀನಲ್ರೀ. ಅದರಾಗ ಮೋಸ ಏನೈತಿ?’ ವಾಪಸ್ ತಗೊಳ್ಳಿ ಅಂದೆ. ‘ಸೀಲ್ ಒಡದೈತಿ, ಬರಂಗಿಲ್ಲ. ಬೇಕಾದ್ರ ನಾಕ್ ಸಾವಿರ ಹಾಕ್ರಿ, 5060 ಕೊಡ್ತೀನಿ. ನಂಬರ್ ದೊಡ್ಡದೈತಿ.’ ಅದೂ 8 ಜಿಬಿ ಅಲ್ವಾ ಅಂದೆ. ‘ಹೊಸಾ 8 ಜಿಬಿ ಅದು’ ಅಂದ. ಈ ಮಾತಿಗೆ ಏನು ಉತ್ತರ ಕೊಡಬೇಕು ಹೇಳಿ. ಸೀಲು ಒಡೆಯದೆ ಕಾರ್ಡನ್ನು ಹೇಗೆ ನೋಡುವುದು, ಮೂಸಿಯೇ?

ಅವ್ವ ಎರಡು ದಿನ ಏನೂ ಕೇಳಲಿಲ್ಲ. ಮೂರನೇ ದಿನ ‘ಆ ಡಬ್ಬಿ ಯಾಕ ಟೇಬಲ್ ಮ್ಯಾಲೆ ಇಟ್ಕೊಂಡು ಕುಂತಿ’ ಅಂದಳು. ಆಗ ಅಪ್ಪನಿಗೂ ವಿಷಯ ಗೊತ್ತಾಯಿತು. ನಮ್ಮಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಾನೆ. ಕಂಪ್ಯೂಟರ್ ಅಂದರೆ ಆಗಲ್ಲ. ಜಿಬಿ, ಬಿಟ್ ಎಲ್ಲ ಬಿಟ್ಟು, ಒಂದೇ ಹೆಸರಿನಲ್ಲಿ ಎರಡು ಮಾಲು ಮಾರುತ್ತಾರೆ ಅಂತಷ್ಟೇ ಹೇಳಿದೆ. ಕನ್ನಡಕ ತೆಗೆದು ನನ್ನ ಮುಖ ನೋಡಿದ. ‘ಹಂಗಂದ್ರ ಡಬ್ಬಿ ರೇಟ್ ಹಿಡದು ಕಡ್ಡಿ ಕೊಟ್ಟಾನ.’

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ ಬೇರೆ, ಡಬ್ಬಿ ಬೇರೆ. ಕಡ್ಡಿ ಉದ್ದ, ತೆಳ್ಳಗೆ, ಸುಕ್ಕು ಸುಕ್ಕು. ಡಬ್ಬಿ ಗಿಡ್ಡ, ದಪ್ಪ. ಎರಡೂ ಬ್ಯಾಡಗಿಯೇ, ಆದರೆ ಅಲ್ಲಿ ಬರೀ ‘ಬ್ಯಾಡಗಿ’ ಅಂತ ಹೇಳಿ ರೇಟು ಕೂಗಿದರೆ ಯಾವುದು ಅಂತ ಎದುರಿನವನು ಕೇಳಿಯೇ ಕೇಳುತ್ತಾನೆ. ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಮುರಿದು ನೋಡದೆ ಯಾರೂ ರೇಟು ಬರೆಯಲ್ಲ.

‘ನೀ ಯಾಕ ಕೈ ಹಾಕಿ ನೋಡಲಿಲ್ಲ?’ ಅಂದ ಅಪ್ಪ. ಬಸ್ಸಿನ ಅವಸರ ಅಂದೆ. ಅದಕ್ಕೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ಹತ್ತಿತು.

ಗೆಳೆಯರು 1915 ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡು ಅಂತಿದ್ದಾರೆ. ಮಾಡುತ್ತೇನೆ. ಆದರೆ ಬಿಲ್ಲಿನಲ್ಲಿ 12 ಅಂತ ಇಲ್ಲ, ಫೋನ್ ಮಾತು ರೆಕಾರ್ಡ್ ಆಗಿಲ್ಲ, ಡಬ್ಬಿಯಲ್ಲಿ 8ಜಿ ಇದೆ. ನನ್ನ ಕಡೆ ಇರೋದು ಸಿಟ್ಟು ಒಂದೇ. ಸದ್ಯಕ್ಕೆ ಗೇಮಿನಲ್ಲಿ ಟೆಕ್ಸ್ಚರ್, ಅಂದರೆ ಚಿತ್ರದ ಮೇಲ್ಮೈ ವಿವರ, ಮೀಡಿಯಂಗೆ ಇಳಿಸಿ ಆಡುತ್ತಿದ್ದೇನೆ. 1650ಕ್ಕಿಂತ ಎಷ್ಟೋ ಚೆನ್ನಾಗಿ ಓಡುತ್ತಿದೆ, ಸುಳ್ಳು ಯಾಕೆ ಹೇಳಲಿ. ಅದರಿಂದ ಉರಿ ಇನ್ನೂ ಹೆಚ್ಚಾಗಿದೆ.

ಸೋಮವಾರ ಮತ್ತೆ ಹುಬ್ಬಳ್ಳಿಗೆ ಹೊರಟಿದ್ದೇನೆ. ಡಬ್ಬಿ, ಬಿಲ್ಲು, ಜಿಪಿಯು-ಝಡ್ ಪ್ರಿಂಟು ಎಲ್ಲ ಚೀಲದಲ್ಲಿ ಇಟ್ಟಾಯಿತು. ಅಪ್ಪನೂ ಬರುತ್ತಾನಂತೆ. ‘ನೀ ಸುಮ್ಮನ ನಿಂದ್ರು, ನಾ ಮಾತಾಡ್ತೀನಿ’ ಅಂದಿದ್ದಾನೆ. 8ಕ್ಕೂ 12ಕ್ಕೂ ರೇಟಿನಲ್ಲಿ ಎಷ್ಟು ವ್ಯತ್ಯಾಸ ಅಂತ ಕೇಳಿ, ಮಾರ್ಕೆಟ್ಟಿನ ಚೀಟಿಯ ಹಿಂದೆ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ.