22 ಗಂಟೆ, ಪಕ್ಕದಲ್ಲೊಂದು ಸ್ಟಾರ್

ಲ್ಯಾಪ್‌ಟಾಪ್ ಕೊಳ್ಳುವಾಗ ಬ್ಯಾಟರಿ ಮುಖ್ಯವೋ, ಪರ್ಫಾರ್ಮೆನ್ಸ್ ಮುಖ್ಯವೋ? ಹೊಸ ಚಿಪ್ ಬಂದಾಗಲೆಲ್ಲ ಈ ಜಗಳಕ್ಕೆ ಮರುಜೀವ ಬರುತ್ತದೆ. ಒಂದು ಪಾಳಯ "ಪ್ಲಗ್ ಹುಡುಕಿಕೊಂಡು ಅಲೆದದ್ದು ಸಾಕು" ಅನ್ನುತ್ತದೆ. ಇನ್ನೊಂದು "ಕೆಲಸ ಓಡದಿದ್ದರೆ ಬ್ಯಾಟರಿ ಇಟ್ಕೊಂಡು ಪೂಜೆ ಮಾಡ್ತೀರಾ" ಅನ್ನುತ್ತದೆ. ಇಬ್ಬರೂ ಪಾಪ, ಬಾಕ್ಸ್ ಮೇಲೆ ಬರೆದದ್ದನ್ನು ನಂಬಿಯೇ ಕಾದಾಡುತ್ತಿದ್ದಾರೆ.

ಬಾಕ್ಸ್ ಮೇಲೆ ನನಗೆ ಇಷ್ಟವಾಗುವುದು ಒಂದೇ. ಆ ಸ್ಟಾರ್. "ಬ್ಯಾಟರಿ 22 ಗಂಟೆಯವರೆಗೆ" ಎಂಬ ದಪ್ಪ ಅಕ್ಷರದ ಹೆಗಲ ಮೇಲೆ ಸಾಸಿವೆ ಕಾಳಿನಷ್ಟು ಕೂತಿರುತ್ತದೆ. ಅದರ ಜಾತಕ ಬಾಕ್ಸಿನ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಕನ್ನಡಕ ಏರಿಸಿ ಓದಿದೆ. ವಿಡಿಯೋ ಲ್ಯಾಪ್‌ಟಾಪ್ ಒಳಗೇ ಇರಬೇಕು. ವೈಫೈ ಆಫ್ ಆಗಿರಬೇಕು. ಪರದೆಯ ಬೆಳಕು 150 ನಿಟ್ಸ್, ಅಂದರೆ ಕಿಟಕಿ ಪಕ್ಕ ಕೂತರೆ ಸಿನಿಮಾ ನಾಯಕನ ಬದಲು ನಿಮ್ಮ ಮುಖವೇ ಕಾಣುವಷ್ಟು ಮಂಕು. ವಿಡಿಯೋ ಬಿಚ್ಚಿ ತೋರಿಸಲು ಚಿಪ್ ಒಳಗೆ ಬೇರೆಯೇ ಒಂದು ಪುಟ್ಟ ಭಾಗ ಇರುವುದರಿಂದ ಪ್ರೊಸೆಸರ್ ಹೆಚ್ಚು ಕಡಿಮೆ ಗೊರಕೆ ಹೊಡೆಯುತ್ತಿರುತ್ತದೆ. ಒಟ್ಟಿನಲ್ಲಿ ಮಬ್ಬುಗತ್ತಲಲ್ಲಿ, ಹೊರಗಿನವರ ಸಂಪರ್ಕ ಬಿಟ್ಟು, 22 ಗಂಟೆ ಒಂದನ್ನೇ ನೋಡುತ್ತ ಕೂರಬೇಕು. ಹಿಂದೆ ಇದಕ್ಕೆ ತಪಸ್ಸು ಅನ್ನುತ್ತಿದ್ದರು.

ಲೆಕ್ಕ ಹಾಕಿ ನೋಡಿ. ವಾಟ್-ಅವರ್ ಅಂದರೆ ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ. 66 ವಾಟ್-ಅವರ್ ಬ್ಯಾಟರಿ 22 ಗಂಟೆ ಬರಬೇಕಾದರೆ ಇಡೀ ಯಂತ್ರ 3 ವಾಟ್‌ನಲ್ಲಿ ಬದುಕಬೇಕು. ಒಂದು ವಿಡಿಯೋ ಮೀಟಿಂಗ್, ಪಕ್ಕದಲ್ಲಿ ಹತ್ತು ಟ್ಯಾಬ್ ತೆರೆದು 12 ವಾಟ್ ಎಳೆಯಿತು ಅನ್ನಿ, ಐದೂವರೆ ಗಂಟೆಗೆ ಮಂಗಳಾರತಿ.

ಪರ್ಫಾರ್ಮೆನ್ಸ್ ಪಾಳಯದವರು ಜಾಸ್ತಿ ನಗಬೇಡಿ. ನಿಮ್ಮ ಬಾಕ್ಸಿನ ಗಿಗಾಹರ್ಟ್ಸ್, ಅಂದರೆ ಚಿಪ್ಪಿನ ವೇಗ, ಟರ್ಬೋದ್ದು. ಟರ್ಬೋ ಅಂದರೆ ಫೋಟೋ ತೆಗೆಯುವಾಗ ಒಳಗೆಳೆದುಕೊಂಡ ಹೊಟ್ಟೆ. ಸ್ವಲ್ಪ ಹೊತ್ತು ಇರುತ್ತದೆ, ಆಮೇಲೆ ಶಾಖ ಏರಿ ನಿಜರೂಪ ಹೊರಬೀಳುತ್ತದೆ. ಇದು ಗೊತ್ತಿದ್ದೇ ಚಿಪ್ಪಿನ ವೇಗ ಅಳೆದು ಅಂಕ ಕೊಡುವ ತಂತ್ರಾಂಶವಾದ ಸಿನಿಬೆಂಚ್‌ನವರು 2020ರ ಆರ್23 ಆವೃತ್ತಿಯಲ್ಲಿ ಓಟವನ್ನು 10 ನಿಮಿಷಕ್ಕೆ ಎಳೆದರು, ಹೊಟ್ಟೆ ಎಷ್ಟು ಹೊತ್ತು ಒಳಗಿರುತ್ತೆ ನೋಡೋಣ ಅಂತ. ಅಂಕ ಬರುವುದೂ ಸಾಮಾನ್ಯವಾಗಿ ಪ್ಲಗ್ ಹಾಕಿದಾಗಲೇ. ಗೇಮಿಂಗ್ ಲ್ಯಾಪ್‌ಟಾಪ್‌ನ ಪ್ಲಗ್ ಕಿತ್ತು ನೋಡಿ, ಗ್ರಾಫಿಕ್ಸ್ ಕಾರ್ಡು ಕೈಕಾಲು ಮಡಚಿ ಕೂರುತ್ತದೆ. ಅದಕ್ಕೆ ಕೊಡುವ 330 ವಾಟ್ ಅಡಾಪ್ಟರ್ ಇಟ್ಟಿಗೆಯಂತೆ ಇರುತ್ತದೆ. ಅದನ್ನು ಬ್ಯಾಗಿನಲ್ಲಿ ಹೊತ್ತು "ಪೋರ್ಟಬಲ್" ಅನ್ನುವವರ ಬೆನ್ನಿಗೆ ನನ್ನ ನಮಸ್ಕಾರ.

ಬ್ಯಾಟರಿಯನ್ನೇ ದೊಡ್ಡದು ಮಾಡಬಹುದಲ್ವಾ? ಆಗಲ್ಲ. 100 ವಾಟ್-ಅವರ್ ದಾಟಿದರೆ ವಿಮಾನದಲ್ಲಿ ಒಯ್ಯಲು ಏರ್‌ಲೈನ್‌ನ ಒಪ್ಪಿಗೆ ಬೇಕು. ಅದಕ್ಕೇ ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99, 99.9 ಅಂತ ಗೆರೆಯ ಮೇಲೆ ತುದಿಗಾಲಲ್ಲಿ ನಿಂತಿರುತ್ತದೆ. ಜಗತ್ತಿನಲ್ಲಿ ಇಷ್ಟು ನಿಷ್ಠೆಯಿಂದ ಪಾಲನೆಯಾಗುವ ಇನ್ನೊಂದು ನಿಯಮ ನಾನು ಕಂಡಿಲ್ಲ.

ಒಟ್ಟಿನಲ್ಲಿ 22 ಗಂಟೆ ಬರುವ ಲ್ಯಾಪ್‌ಟಾಪ್ ಬೇರೆ, ಆ ಅಂಕ ತೆಗೆಯುವ ಲ್ಯಾಪ್‌ಟಾಪ್ ಬೇರೆ. ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಿ ಮಾರುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ದುಡ್ಡು ಕೊಟ್ಟ ನೀವು.

ಹಾಗಂತ ಎರಡೂ ಒಟ್ಟಿಗೆ ಆಗಲ್ಲ ಅಂತಲ್ಲ. 2020ರ ನವೆಂಬರ್‌ನಲ್ಲಿ ಆ್ಯಪಲ್‌ನ ಎಂ1 ಚಿಪ್ ಬಂತು. ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್, ಪ್ಲಗ್ ತೆಗೆದರೂ ಅದೇ ಓಟ. ಉಳಿದವರು ಎದ್ದು ಕೂತರು, ಸಂತೋಷ. ಆದರೆ ಮೆಮೊರಿ ಬದಲಿಸೋಣ ಅಂದರೆ ಕೈ ಹಾಕಲು ಜಾಗವೇ ಇಲ್ಲ. ಕೊಂಡ ದಿನ ಏನು ಬರೆದಿತ್ತೋ ಅದೇ ಹಣೆಬರಹ.

ಇಲ್ಲಿಗೆ ನನ್ನ ನಗು ನಿಲ್ಲುತ್ತದೆ. ಯಾಕಂದರೆ ಬ್ಯಾಟರಿ ಸವೆಯುವ ವಸ್ತು. ಕೆಲವು ನೂರು ಸಲ ತುಂಬಿ ಖಾಲಿಯಾಗುವಷ್ಟರಲ್ಲಿ ಅದರ ಕಸುವು ಇಳಿಯುತ್ತದೆ, ಇದು ಮಾಡಿದವರಿಗೂ ಗೊತ್ತು. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎರಡು ಲ್ಯಾಚ್ ಸರಿಸಿದರೆ ಟಕ್ ಅಂತ ಬ್ಯಾಟರಿ ಕೈಗೆ ಬರುತ್ತಿತ್ತು. ಈಗ ಎಷ್ಟೋ ಮಾಡೆಲ್‌ಗಳಲ್ಲಿ ಗೋಂದು ಹಾಕಿ ಅಂಟಿಸುತ್ತಾರೆ. ಸವೆಯುತ್ತೆ ಅಂತ ಗೊತ್ತಿದ್ದೂ ಅಂಟಿಸುತ್ತಾರೆ. ಬಳಕೆದಾರರೇ ಬ್ಯಾಟರಿ ತೆಗೆದು ಹಾಕುವಂತಿರಬೇಕು ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನೇ ಮಾಡಬೇಕಾಯಿತು. ಅದೂ 2027ರ ಫೆಬ್ರವರಿಯಿಂದ ಜಾರಿ. ಒಂದು ಮುಚ್ಚಳ ತೆಗೆಯುವ ಹಾಗೆ ಮಾಡಿ ಅಂತ ಹೇಳಲು ಕಾನೂನು ಬೇಕು! ಸಾಕಾಗಿದೆ ನನಗೆ.

ನನ್ನದನ್ನು ರಿಪೇರಿ ಹುಡುಗನ ಮುಂದಿಟ್ಟೆ. ಹಿಂಭಾಗ ಬಿಚ್ಚಿದ. ಊದಿಕೊಂಡ ಬ್ಯಾಟರಿಯನ್ನು ಬೆರಳಲ್ಲಿ ಮುಟ್ಟದೆ, ಬರೀ ಕಣ್ಣಲ್ಲೇ ತೋರಿಸಿದ.

"ಇದು ಆಗಲ್ಲ ಸಾರ್. ಹೊಸದೇ ತಗೊಳ್ಳಿ. ಈಗ 22 ಗಂಟೆ ಬರುತ್ತೆ."

"ಸ್ಟಾರ್ ಇದೆಯೇನಪ್ಪಾ?"

"ನಾಲ್ಕೂವರೆ ಸ್ಟಾರ್ ಇದೆ ಸಾರ್. ರೇಟಿಂಗ್ ಸೂಪರ್."