ಪಾಪ, ಬಾಯಾರಿರಬೇಕು!

ನರ್ಸರಿಯವರು ಗೋಲ್ಡನ್ ಬ್ಯಾರೆಲ್ ಎಂದು ಮಾರುವ, ಹಳದಿ ಮುಳ್ಳಿನ ಗುಂಡು ಕಳ್ಳಿ ನೀರಿಲ್ಲದೆ ಸತ್ತದ್ದು ಕಡಿಮೆ. ಅದನ್ನು ಕೊಲ್ಲುವುದು ಮನೆಮಂದಿಯ ಕರುಣೆ. ಬೆಳಿಗ್ಗೆ ತುಳಸಿಗೆ ಹಾಕಿ ಉಳಿದ ಅರ್ಧ ತಂಬಿಗೆ, ಮಧ್ಯಾಹ್ನ ಅಕ್ಕಿ ತೊಳೆದ ನೀರು, ಸಂಜೆ ನೆಂಟರು ಕುಡಿದು ಬಿಟ್ಟ ಲೋಟದ ತಳ, ಎಲ್ಲವೂ "ಪಾಪ, ಬಾಯಾರಿರಬೇಕು" ಎನ್ನುವ ಮಾತಿನ ಜೊತೆ ಅದರ ಬುಡಕ್ಕೇ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಒಂದು ದಿನ ಯಾರೋ ಕುಂಡ ಸರಿಸಲು ಹೋದರೆ ಗಿಡ ಒಂದು ಕಡೆ, ಬೇರು ಇನ್ನೊಂದು ಕಡೆ.

ಇದರ ತವರು ಮೆಕ್ಸಿಕೊದ ಕೆರೆತಾರೊ ಸೀಮೆಯ ಕಡಿದಾದ ಕಲ್ಲಿಳಿಜಾರು. ಮಳೆ ಬಂದರೂ ನೀರು ನಿಲ್ಲದ ಜಾಗ. ಬಂದಷ್ಟನ್ನು ಆಳಕ್ಕಿಳಿಯದ, ಅಗಲಕ್ಕೆ ಹರಡಿದ ಬೇರು ಹೀರಿಕೊಳ್ಳುತ್ತದೆ. ಮೈಮೇಲಿನ ಏಣುಗಳು ಹಾರ್ಮೋನಿಯಂ ತಿದಿಯಂತೆ ಹಿಗ್ಗುತ್ತವೆ, ಬೇಸಿಗೆಯಲ್ಲಿ ಕುಗ್ಗುತ್ತವೆ. ಉಸಿರಾಟದ ರಂಧ್ರಗಳನ್ನು ತೆರೆಯುವುದೂ ರಾತ್ರಿಯ ತಂಪಿನಲ್ಲೇ. ಇಷ್ಟು ಜಿಪುಣ ಗಿಡಕ್ಕೆ ತವರಿನಲ್ಲೂ ನೀರಿನ ಕಾಟ ತಪ್ಪಲಿಲ್ಲ: 1990ರ ದಶಕದಲ್ಲಿ ಸಿಮಾಪಾನ್ ಅಣೆಕಟ್ಟು ಬಂದು ಅದರ ನೆಲೆಯ ದೊಡ್ಡ ಪಾಲು ಮುಳುಗಿತು. ಕಿತ್ತು ಮಾರುವವರು ಬೇರೆ. ಜಗತ್ತಿನ ಹೋಟೆಲುಗಳ ಮುಂದೆಲ್ಲ ಸಾಲುಗಟ್ಟಿ ಕೂತಿರುವ ಗಿಡ ತನ್ನೂರಿನಲ್ಲಿ ಅಳಿವಿನಂಚಿನಲ್ಲಿದೆ. ಶಾಸ್ತ್ರೀಯ ಹೆಸರಿನಲ್ಲಿರುವ 'ಗ್ರುಸೋನಿ' ಜರ್ಮನಿಯ ಹರ್ಮನ್ ಗ್ರುಸನ್ ನೆನಪಿಗೆ. ಕಳ್ಳಿಗಳ ಹುಚ್ಚಿದ್ದ ಈ ಉದ್ಯಮಿಯ ಕಸುಬು ಕೋಟೆಗಳಿಗೆ ಎರಕದ ಕಬ್ಬಿಣದ ಕವಚ ಮಾಡುವುದು. ಮೈ ಮುಟ್ಟಗೊಡದ ಗಿಡಕ್ಕೆ ತಕ್ಕ ಹೆಸರೇ.

ಮೊದಲ ಅನಾಹುತ ಮಣ್ಣಿನದು. ಅಂಗಡಿಯ ಗಿಡ ಹೆಚ್ಚಾಗಿ ಕೋಕೋಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಇರುತ್ತದೆ. ಅದು ಒದ್ದೆಯಾದರೆ ಬೇಗ ಒಣಗದು. ಒಂದು ಪಾಲು ಕೆಂಪುಮಣ್ಣು ಮತ್ತು ಗೊಬ್ಬರ, ಒಂದು ಪಾಲು ದಪ್ಪ ಮರಳು, ಒಂದು ಪಾಲು 3ರಿಂದ 5 ಮಿಲಿಮೀಟರಿನ ಇಟ್ಟಿಗೆ ಚೂರು ಸಾಕು. ಮನೆ ಕಟ್ಟುವಾಗ ಮಿಕ್ಕ ಎಂ-ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು ತೊಳೆಯಿರಿ. ಪುಡಿ ಉಳಿದರೆ ನೀರು ಬಿದ್ದಾಗ ಗಟ್ಟಿಕಟ್ಟುತ್ತದೆ. ಕುಂಡ ಗಿಡಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಅಗಲ ಇರಲಿ, ಮಣ್ಣಿನದಾಗಿರಲಿ, ತಳದಲ್ಲಿ ತೂತಿರಲಿ. ತೂತಿಲ್ಲದ ಪಿಂಗಾಣಿ ಬಟ್ಟಲು ಗೃಹಪ್ರವೇಶದ ಉಡುಗೊರೆಗೆ ಚೆನ್ನ, ಗಿಡಕ್ಕಲ್ಲ.

ಕುಂಡ ಬದಲಿಸುವ ದಿನವೇ ಮನೆಯಲ್ಲಿ ಬ್ಯಾಂಡೇಜ್ ಹುಡುಕಾಟ. ಕೈಗವಸು ನಂಬಬೇಡಿ, ಮುಳ್ಳು ಅದನ್ನೂ ದಾಟುತ್ತದೆ. ಹಳೆಯ ದಿನಪತ್ರಿಕೆಯನ್ನು ಉದ್ದಕ್ಕೆ ನಾಲ್ಕೈದು ಮಡಿಕೆ ಮಾಡಿ, ಆ ಪಟ್ಟಿಯನ್ನು ಗಿಡದ ನಡುವಿಗೆ ಸುತ್ತಿ, ಎರಡು ತುದಿ ಸೇರಿಸಿ ಹಿಡಿದು ಎತ್ತಿ. ಹಳೆ ಮಣ್ಣು ಉದುರಿಸಿ. ಬೇರಿನ ಮೇಲೆ ಅಕ್ಕಿ ಹಿಟ್ಟು ಮೆತ್ತಿದಂತೆ ಬಿಳಿ ಕಂಡರೆ ಅದು ಹಿಟ್ಟುತಿಗಣೆ, ತೊಳೆದು ಒಣಗಿಸಿ. ಹೊಸ ಮಣ್ಣಿನಲ್ಲಿ ಹಿಂದಿನಷ್ಟೇ ಆಳಕ್ಕೆ ಕೂರಿಸಿ, ಒಂದು ವಾರ ನೀರು ಹಾಕಬೇಡಿ. ಎಳೆದಾಟದಲ್ಲಿ ಬೇರಿಗೆ ಆದ ಗಾಯ ಮಾಯುವ ಮುನ್ನ ತೇವ ತಗುಲಿದರೆ ಕೊಳೆ ಒಳನುಗ್ಗುವುದು ಅಲ್ಲಿಂದಲೇ. ಆ ವಾರ ಮನೆಯ ತಂಬಿಗೆಗಳನ್ನೆಲ್ಲ ಬಚ್ಚಿಡುವುದು ಕ್ಷೇಮ.

ಆಮೇಲೆ ಯಾವಾಗ ಹಾಕಬೇಕು? ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಮಣ್ಣು ಅಂಟಿದ್ದರೆ ನೀರು ಬೇಡ. ಒಣಗಿದ್ದರೆ ತೂತಿನಿಂದ ಹರಿಯುವಷ್ಟು ಸುರಿದು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ದಿನಾ ಚಮಚ ಚಮಚ ಚಿಮುಕಿಸುವುದರಿಂದ ಮೇಲ್ಮಣ್ಣು ಸದಾ ಒದ್ದೆ, ಕೆಳಗಿನ ಬೇರು ಸದಾ ಒಣಗು. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಸೂರಿನಡಿ ಇಡಲೇಬೇಕು.

ಬಿಸಿಲಿಲ್ಲದ ಕೋಣೆಯಲ್ಲಿ ಗುಂಡು ಗಿಡ ಮೇಲಕ್ಕೆ ಚೂಪಾಗುತ್ತದೆ, ಒಮ್ಮೆ ಚೂಪಾದ ಭಾಗ ಮತ್ತೆ ಗುಂಡಾಗದು. ಹಾಗೆಂದು ಹಠಾತ್ತನೆ ಏಪ್ರಿಲ್ ತಾರಸಿಗೆ ಒಯ್ದರೆ ಬಿಸಿಲು ಬಿದ್ದ ಕಡೆ ಬಿಳಿಚಿ ಸುಟ್ಟ ಕಲೆ ಶಾಶ್ವತ. ಎರಡು ಮೂರು ವಾರ ಬೆಳಗಿನ ಬಿಸಿಲಿಗೆ ರೂಢಿ ಮಾಡಿಸಿ. ಕಂಪ್ಯೂಟರ್ ಪಕ್ಕ ಇಟ್ಟರೆ ವಿಕಿರಣ ಹೀರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಅಲ್ಲಿ ಅದು ಹೀರುವುದು ಚಹಾ ಮಾತ್ರ, ಸಹೋದ್ಯೋಗಿಗಳು ಸುರಿದರೆ.

ಹೂವಿನ ಆಸೆಯಿದ್ದವರು ನಿಧಾನಿಸಬೇಕು. ನೆತ್ತಿಯ ಉಣ್ಣೆಯ ನಡುವೆ ಹಳದಿ ಹೂ ಬರುವುದು ಗಿಡ ವರ್ಷಗಟ್ಟಲೆ ಬೆಳೆದು ದೊಡ್ಡದಾದ ಮೇಲೆ. ಅಂಗೈಯಗಲದ ಗಿಡದ ತಲೆಯ ಮೇಲೆ ಗುಲಾಬಿ ಬಣ್ಣದ ಹೂ ಅರಳಿದ್ದರೆ ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ. ಕಾಗದದಂತೆ ಸದ್ದು ಮಾಡಿದರೆ ಅದು ಅಂಗಡಿಯವರು ಅಂಟಿಸಿದ ಒಣ ಹೂ. ಕೀಳಲು ಹೋದರೆ ಗೋಂದಿನ ಜೊತೆ ಸಿಪ್ಪೆಯೂ ಬರುತ್ತದೆ. ಗಿಡ ಬೆಳೆದು ತಾನೇ ಉದುರಿಸುವವರೆಗೆ ಇರಲಿ ಬಿಡಿ.