ಆಡೋಕೆ ಒಂದೇ ಸಾಕು, ಮಿಕ್ಕಿದ್ದು ಯಾಕೆ?

ಸ್ನೂಕರ್ ಆಡೋರನ್ನ ನೋಡಿ. ಹೆಗಲಿಗೆ ಒಂದು ಉದ್ದನೆ ಕೇಸು, ಒಳಗೆ ಒಂದೇ ಕ್ಯೂ, ಅಂದರೆ ಬಾಲ್ ಹೊಡೆಯೋ ಕೋಲು. ತುದಿಗೆ ಅಂಟಿಸೋ ಚರ್ಮದ ಟಿಪ್ ಎಷ್ಟು ಸಲ ಬದಲಾಗಿದೆಯೋ ಲೆಕ್ಕ ಇರಲ್ಲ, ಕೋಲು ಮಾತ್ರ ಕಾಲೇಜಿನ ಕಾಲದ್ದೇ. ಅದೇ ಪಾರ್ಲರ್‌ನಲ್ಲಿ ಆ ಕಡೆ ಪೂಲ್ ಟೇಬಲ್ ಹತ್ತಿರ ಬನ್ನಿ. ಅಲ್ಲಿರೋ ಮನುಷ್ಯ ಕೇಸು ಬಿಚ್ಚಿದರೆ ಮೂರು ನಾಲ್ಕು ಬಟ್ಟು (ಕೈಯಲ್ಲಿ ಹಿಡಿಯೋ ಹಿಂದಿನ ಅರ್ಧ), ಐದಾರು ಶಾಫ್ಟು (ಟಿಪ್ ಇರೋ ಮುಂದಿನ ಅರ್ಧ). ಇದು ಬರೀ ಹೊರಗೆ ತಂದಿದ್ದು. ಮನೇಲಿ ಬೀರು ಹಿಂದೆ ಇನ್ನೆಷ್ಟಿವೆ ಅನ್ನೋದು ಅವನ ಹೆಂಡತಿಗೂ ಪೂರ್ತಿ ಗೊತ್ತಿರಲ್ಲ. ನಾನು ಈ ಎರಡನೇ ಜಾತಿಯವನು.

ಸ್ನೂಕರ್‌ನವರ ಏಕಪತ್ನೀವ್ರತಕ್ಕೆ ದೊಡ್ಡ ಸಾಕ್ಷಿ ಸ್ಟೀಫನ್ ಹೆಂಡ್ರಿ. ಸ್ಕಾಟ್ಲೆಂಡಿನ ಈತ ಏಳು ಸಲ ವಿಶ್ವ ಚಾಂಪಿಯನ್ ಆಗಿದ್ದು ಒಂದೇ ಕ್ಯೂ ಹಿಡಿದು. ಬೆಲೆ 40 ಪೌಂಡ್. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿದಾಗ ಅಭಿಮಾನಿಗಳು ಹತ್ತಿರದವರು ಯಾರೋ ತೀರಿಕೊಂಡ ಹಾಗೆ ಮಾತಾಡಿಕೊಂಡರು. ಆಮೇಲೂ ಹೆಂಡ್ರಿ ಟೂರ್ನಿ ಗೆದ್ದರು. ಆದರೂ ಇವತ್ತಿಗೂ ನಮ್ಮ ಪಾರ್ಲರ್‌ನಲ್ಲಿ ಯಾರಾದರೂ ಹೊಸ ಕ್ಯೂ ತಂದರೆ ಹಿರಿಯರೊಬ್ಬರು ಹೆಂಡ್ರಿ ಕಥೆ ತೆಗೀತಾರೆ. "ನಲವತ್ತು ಪೌಂಡ್ ಕೋಲಪ್ಪಾ. ಏಳು ಟ್ರೋಫಿ. ನೀನು ಈ ವರ್ಷ ಎಷ್ಟು ಟ್ರೋಫಿ ತಂದೆ?"

ಮನೇಲಿ ಪ್ರಶ್ನೆ ಇದಕ್ಕಿಂತ ಸರಳ. "ರೀ, ಇದೂ ಅದೇ ಥರ ಇದೆಯಲ್ರೀ. ಹೋದ ಸಲ ತಂದಿದ್ದಕ್ಕೆ ಏನಾಯ್ತು?" ಈ ಪ್ರಶ್ನೆಗೆ ಸೀರೆ ವಿಷಯ ಎತ್ತಿ ಉತ್ತರ ಕೊಡೋ ಗಂಡಸರಿದ್ದಾರೆ, ಅವರ ಧೈರ್ಯಕ್ಕೆ ಇಲ್ಲಿಂದಲೇ ಕೈಮುಗೀತೀನಿ. ನಮ್ಮ ಗುಂಪಿನಲ್ಲಿ ಹೆಚ್ಚಿನವರ ಉತ್ತರ ಬೇರೆ: "ಒಂದೊಂದಕ್ಕೂ ಒಂದೊಂದು ಕೆಲಸ ಇರುತ್ತೆ ಕಣೇ." ನನ್ನ ತಕರಾರು ಈ ಉತ್ತರದ ಮೇಲೆ. ಮೂರು ಕ್ಯೂವರೆಗೆ ಇದು ನಿಜ. ನಾಲ್ಕನೆಯದರಿಂದ ಶುದ್ಧ ಸುಳ್ಳು. ಅಂಥ ಸುಳ್ಳು ಹೇಳೋ ಗತಿ ನಮಗೇನೂ ಬಂದಿಲ್ಲ.

ಮೊದಲು ನಿಜದ ಪಾಲು ಹೇಳಿಬಿಡ್ತೀನಿ. ಬ್ರೇಕ್ ಅನ್ನೋದು ಆಟದ ಮೊದಲ ಹೊಡೆತ. ಸ್ನೂಕರ್‌ನಲ್ಲಿ ಬ್ರೇಕ್ ಅಂದರೆ ಕೆಂಪು ಬಾಲ್‌ಗಳ ಗುಂಪಿನ ಅಂಚನ್ನ ಹಾಗೇ ಸವರಿ ವೈಟನ್ನ, ಅಂದರೆ ನಾವು ಹೊಡೆಯೋ ಬಿಳಿ ಬಾಲನ್ನ, ವಾಪಸ್ ಬಾಲ್ಕ್ ಕಡೆಗೆ, ಹೊಡೆತ ಶುರುವಾದ ತುದಿಗೆ ತರೋದು. ಪೂಲ್‌ನಲ್ಲಿ ಬ್ರೇಕ್ ಅಂದರೆ ಮೈಯಲ್ಲಿರೋ ಶಕ್ತಿಯೆಲ್ಲ ಹಾಕಿ ಗುಂಪು ಒಡೆಯೋದು. ಆಡೋ ಕ್ಯೂನಲ್ಲೇ ದಿನಾ ಹಾಗೆ ಹೊಡೆದರೆ ಚರ್ಮದ ಟಿಪ್ ಅಮುಕಿ ಚಪ್ಪಟೆಯಾಗಿ ಅಂಚು ಹೊರಗೆ ಉಬ್ಬುತ್ತೆ. ವಾರಗಟ್ಟಲೆ ಉಜ್ಜಿ ಹದಕ್ಕೆ ತಂದ ಗುಂಡನೆ ಆಕಾರ ಒಂದು ಸಂಜೇಲಿ ಹೋಯ್ತು ಅಂತಾನೇ ಲೆಕ್ಕ. ಅದಕ್ಕೇ ಬ್ರೇಕ್‌ಗೆ ಗಟ್ಟಿ ಟಿಪ್‌ನ ಬೇರೆ ಕ್ಯೂ. ಇನ್ನು ಅಡ್ಡ ಬಂದ ಬಾಲ್ ಮೇಲೆ ವೈಟನ್ನ ಹಾರಿಸೋದು ಸ್ನೂಕರ್‌ನಲ್ಲಿ ಫೌಲ್, ಪೂಲ್‌ನಲ್ಲಿ ಚಪ್ಪಾಳೆ. ಹಾರಿಸೋಕೆ ಕ್ಯೂ ಕುಳ್ಳಗೆ, ಹಗುರವಾಗಿ ಇರಬೇಕು. ಅಂತರರಾಷ್ಟ್ರೀಯ ಪೂಲ್ ನಿಯಮದಲ್ಲಿ ಕ್ಯೂ ಉದ್ದ ಕನಿಷ್ಠ 40 ಇಂಚು ಇರಲೇಬೇಕು. ಜಂಪ್ ಕ್ಯೂ ಮಾಡೋರು ಆ ಗೆರೆಯ ಪಕ್ಕದಲ್ಲೇ ಬಂದು ನಿಲ್ತಾರೆ. ಆಡೋಕೊಂದು, ಒಡೆಯೋಕೊಂದು, ಹಾರಿಸೋಕೊಂದು. ಮೂರಾಯ್ತು.

ಮುಂದಿನದು? "ಆಟ ಸುಧಾರಿಸುತ್ತೆ" ಅಂತಾರೆ. ಇದು ಇನ್ನೂ ದೊಡ್ಡ ಸುಳ್ಳು, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು. ವೈಟ್‌ನ ನಡುವಿಗೆ ಹೊಡೆದರೆ ಎಲ್ಲ ಕ್ಯೂಗಳೂ ಒಂದೇ. ಸೈಡ್ ಕೊಟ್ಟು, ಅಂದರೆ ಬಲಕ್ಕೋ ಎಡಕ್ಕೋ ಸರಿದು ಹೊಡೆದಾಗ, ವೈಟ್ ನೀವು ಗುರಿಯಿಟ್ಟ ಗೆರೆ ಬಿಟ್ಟು ಆಚೆ ಬದಿಗೆ ಸ್ವಲ್ಪ ಜಾರುತ್ತೆ. ಡಿಫ್ಲೆಕ್ಷನ್ ಅನ್ನೋದು ಇದಕ್ಕೇ. ಎಷ್ಟು ಜಾರುತ್ತೆ ಅನ್ನೋದನ್ನ ಹೆಚ್ಚುಕಮ್ಮಿ ತೀರ್ಮಾನ ಮಾಡೋದು ಶಾಫ್ಟ್‌ನ ತುದಿಯ ಕೆಲವೇ ಇಂಚಿನ ತೂಕ. ಟಿಪ್ಪೂ ಬಾಲೂ ಅಂಟಿಕೊಂಡಿರೋದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲೇ ತುದಿ ಭಾರ ಇದ್ದಷ್ಟೂ ವೈಟನ್ನ ಪಕ್ಕಕ್ಕೆ ತಳ್ಳುತ್ತೆ. ಪ್ರಿಡೇಟರ್ ಕಂಪನಿ 1990ರ ದಶಕದಲ್ಲಿ 314 ಅನ್ನೋ ಶಾಫ್ಟ್ ತಂದಾಗ ಮಾಡಿದ್ದು ಇಷ್ಟೇ: ತುದಿಯನ್ನ ಹಗುರ ಮಾಡಿದ್ದು. ಆಡೋರ ಲೋಕವೇ ಅದರಿಂದ ಬದಲಾಯ್ತು.

ಈಗ ಯೋಚನೆ ಮಾಡಿ. ಈ ಜಾರುವಿಕೆಗೆ ತಕ್ಕ ಹಾಗೆ ಗುರಿ ಎಷ್ಟು ಸರಿಸಬೇಕು ಅನ್ನೋದನ್ನ ಕಣ್ಣೂ ಕೈಯೂ ವರ್ಷಗಟ್ಟಲೆ ಕಲಿತಿರುತ್ತೆ. ಅದು ಲೆಕ್ಕ ಅಲ್ಲ, ಅಭ್ಯಾಸ. ಸೋಮವಾರ ಒಂದು ಕ್ಯೂ, ಗುರುವಾರ ಇನ್ನೊಂದು ಅಂತ ಆಡಿದರೆ ಆ ಕಲಿಕೆಯೆಲ್ಲ ಕಲಸುಮೇಲೋಗರ. ಸೈಡ್ ಹಾಕಿ ಹೊಡೆದಾಗ ಸುಲಭವಾಗಿ ಬೀಳಬೇಕಾದ ಬಾಲು ಪಾಕೆಟ್‌ನ ದವಡೆಗೆ ಬಡಿದು ಹೊರಗೆ ನಿಲ್ಲುತ್ತೆ, ಕ್ಯೂ ಸರಿ ಇಲ್ಲ ಅನ್ಸುತ್ತೆ, ಇನ್ನೊಂದು ಆರ್ಡರ್ ಆಗುತ್ತೆ. ಆಟ ಸುಧಾರಿಸಬೇಕಿದ್ದರೆ ಕ್ಯೂ ಬದಲಿಸೋಕೆ ಮುಂಚೆ ಟಿಪ್ ಬದಲಿಸಿ. ಮೆತ್ತನೆಯದು, ಮಧ್ಯಮದ್ದು, ಗಟ್ಟಿದು ಅಂತ ಬರುತ್ತೆ. ಕೈಗೆ ಸಿಗೋ ಅನುಭವ ಹೊಸ ಕ್ಯೂನಷ್ಟೇ ಬೇರೆಯಾಗುತ್ತೆ, ಖರ್ಚು ಅದರ ಒಂದು ಚೂರು.

ಹಾಗಾದರೆ ನಾನ್ಯಾಕೆ ಕೊಳ್ತಾ ಇದ್ದೀನಿ? ಮರಗೆಲಸ ಇಷ್ಟ, ಅದಕ್ಕೆ. ಉತ್ತರ ಅಷ್ಟೇ.

ಸುಮ್ಮನೆ ಹೇಳ್ತಿಲ್ಲ. ಒಂದು ಒಳ್ಳೆ ಪೂಲ್ ಕ್ಯೂ ತಗೊಂಡು ಹಿಡಿಯ ಮೇಲ್ಭಾಗ, ಅಂದರೆ ಫೋರ್‌ಆರ್ಮ್ ನೋಡಿ. ತಿಳಿ ಬಣ್ಣದ ಮೇಪಲ್ ಒಳಕ್ಕೆ ಕಪ್ಪು ಮರದ ಮೊನೆಗಳು ಏರಿರುತ್ತವೆ, ಸಾಮಾನ್ಯವಾಗಿ ನಾಲ್ಕು. ಇವಕ್ಕೆ ಪಾಯಿಂಟ್ ಅಂತೀವಿ. ಒಂದೊಂದು ಮೊನೆಯ ಸುತ್ತ ಕಾಗದದಷ್ಟು ತೆಳ್ಳಗೆ ಹಸಿರು, ಕಿತ್ತಳೆ, ಕಪ್ಪು ಬಿಳುಪಿನ ವೆನಿಯರ್ ಗೆರೆ. ಕ್ಯೂವನ್ನ ನಿಧಾನಕ್ಕೆ ತಿರುಗಿಸ್ತಾ ಹೋಗಿ: ನಾಲ್ಕೂ ಮೊನೆ ಒಂದೇ ಎತ್ತರಕ್ಕೆ ನಿಂತಿದ್ದರೆ ಮಾಡಿದವನ ಕೈ ಸರಿ ಇದೆ. ಕೋಲು ಮೇಲಕ್ಕೆ ಹೋಗ್ತಾ ಸಣ್ಣಗಾಗುತ್ತಲ್ಲ, ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು ಸವೆಸಿದರೂ ಆ ಬದಿಯ ಮೊನೆ ಗಿಡ್ಡಗಾಗಿಬಿಡುತ್ತೆ. ಇನ್ನೊಂದು ಪರೀಕ್ಷೆ ಇದೆ. ಮೊನೆಯ ತುತ್ತತುದಿ ಸೂಜಿಯ ಹಾಗೆ ಚೂಪಾಗಿದ್ದರೆ ಮರದಲ್ಲಿ ಕಾಲುವೆ ಥರ ಗಾಡಿ ಕೊರೆದು ಕೂರಿಸಿದ್ದು. ತುದಿ ಸ್ವಲ್ಪ ದುಂಡಗಿದ್ದರೆ ಕಂಪ್ಯೂಟರ್ ಯಂತ್ರದ ಕೆಲಸ. ತಿರುಗೋ ಕಟ್ಟರ್‌ಗೆ ಚೂಪು ಮೂಲೆ ಕೊರೆಯೋಕೆ ಬರಲ್ಲ. ಇದು ಗೊತ್ತಾದ ದಿನದಿಂದ ಯಾರ ಕ್ಯೂ ಸಿಕ್ಕರೂ ನಾನು ಮೊದಲು ನೋಡೋದು ಅಲ್ಲೇ. ಆಡೋ ಸರದಿ ಬಂದಿದೆ ಅಂತ ಕೂಗಿದರೂ ಕಿವಿಗೆ ಬೀಳಲ್ಲ.

ಈ ಲೋಕದ ದೊಡ್ಡ ಹೆಸರು ಜಾರ್ಜ್ ಬಾಲಬುಷ್ಕ. ರಷ್ಯಾದಲ್ಲಿ 1912ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮರಗೆಲಸ ಮಾಡಿಕೊಂಡಿದ್ದ ಮನುಷ್ಯ. 1959ರಲ್ಲಿ ಸ್ನೇಹಿತರಿಗೆ ಕ್ರಿಸ್‌ಮಸ್ ಉಡುಗೊರೆಗೆ ಅಂತ ಕೆಲವು ಕ್ಯೂ ಮಾಡಿಕೊಟ್ಟರು, ಅದೇ ಕಸುಬಾಯ್ತು. 1975ರಲ್ಲಿ ತೀರಿಕೊಂಡರು. ಹದಿನಾರು ವರ್ಷದಲ್ಲಿ ಮಾಡಿದ್ದು ಸಾವಿರ ಚಿಲ್ಲರೆ ಇರಬಹುದು ಅಂತಾರೆ. ನನಗೆ ಇದರಲ್ಲಿ ತುಂಬ ಹಿಡಿಸೋ ಸಂಗತಿ ಅಂದರೆ, ಅವರ ಮೊದಮೊದಲ ಕ್ಯೂಗಳ ಹೊಟ್ಟೆಯಲ್ಲಿರೋದು ಪಾರ್ಲರ್ ಕೋಲೇ. ಬ್ರನ್ಸ್‌ವಿಕ್ ಕಂಪನಿಯ ಟೈಟ್‌ಲಿಸ್ಟ್ ಅಂತ ಒಂದು ಸಾಮಾನ್ಯ ಕ್ಯೂ ಬರ್ತಿತ್ತು, ಗೋಡೆಗೆ ಒರಗಿಸಿಟ್ಟು ಯಾರು ಬೇಕಾದರೂ ತಗೊಂಡು ಆಡೋ ಅಂಥದ್ದು. ಅದರ ಜೋಡಣೆ ಗಟ್ಟಿ ಅಂತ ಅದನ್ನೇ ಕತ್ತರಿಸಿ, ತಿರುಗಣೆಗೆ ಕೊಟ್ಟು, ಬಟ್ಟೂ ಶಾಫ್ಟೂ ಸೇರೋ ಕಡೆ ಉಕ್ಕಿನ ಜಾಯಿಂಟ್ ಹಾಕಿ, ಹಿಡಿಗೆ ಐರಿಶ್ ಲಿನನ್ ದಾರ ಸುತ್ತಿ ತಮ್ಮ ಕ್ಯೂ ಮಾಡ್ತಿದ್ದರು. ಇವತ್ತು ಹರಾಜಿನಲ್ಲಿ ಅಂಥದ್ದೊಂದು ಬಂದರೆ ನನ್ನಂಥವನು ಫೋಟೊ ನೋಡಿ ಸುಮ್ಮನಾಗಬೇಕು.

ಇದರ ತಿರುಗುಮುರುಗು ಕಥೆ ಸ್ನೀಕಿ ಪೀಟ್ ಅನ್ನೋ ಥರದ ಕ್ಯೂದು. ಅಮೆರಿಕದ ಪೂಲ್ ಹಾಲ್‌ಗಳಲ್ಲಿ ದುಡ್ಡು ಕಟ್ಟಿ ಆಡೋ ಚಾಲಾಕಿಗಳು ನುರಿತ ಕೈಯಲ್ಲಿ ಒಳ್ಳೆ ಕ್ಯೂ ಮಾಡಿಸ್ಕೊಳ್ತಿದ್ದರು, ಆದರೆ ನೋಡೋಕೆ ಪಾರ್ಲರ್ ಕೋಲಿನ ಥರಾನೇ ಇರಬೇಕು. ದಾರ ಇಲ್ಲ, ಅಲಂಕಾರ ಇಲ್ಲ, ನಡುವೆ ಜಾಯಿಂಟ್ ಇರೋದು ಹತ್ತಿರ ಹೋಗಿ ನೋಡಿದರಷ್ಟೇ ಕಾಣುತ್ತೆ. ಎದುರಾಳಿ ಇವನು ಯಾರೋ ದಾರಿಹೋಕ ಅಂದುಕೊಳ್ಳಬೇಕಲ್ಲ! ಒಂದು ಕಡೆ ಪಾರ್ಲರ್ ಕೋಲು ಒಡವೆಯಾಯ್ತು, ಇನ್ನೊಂದು ಕಡೆ ಒಳ್ಳೆ ಕ್ಯೂ ಪಾರ್ಲರ್ ಕೋಲಿನ ವೇಷ ಹಾಕ್ತು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡೋ ಸುಖಕ್ಕೆ "ಕೆಲಸ" ಅಂತ ಹೆಸರಿಡೋದು ಬೇಡ.

ನಮ್ಮ ಕಡೆಯವರಿಗೆ ಈ ಕುಸುರಿ ಹೊಸದೇನಲ್ಲ. ಮೈಸೂರು ಅರಮನೆಯಲ್ಲಿ ಅಂಬಾವಿಲಾಸದ ಬಾಗಿಲು ನೋಡಿದವರಿಗೆ ಬೀಟೆ ಮರದಲ್ಲಿ ದಂತ ಕೂರಿಸೋದು ಅಂದರೆ ಏನು ಅಂತ ವಿವರಿಸಬೇಕಿಲ್ಲ. ಹಳೇ ಅಮೆರಿಕನ್ ಕ್ಯೂಗಳಲ್ಲೂ ಅದೇ ಜೋಡಿ: ಬೀಟೆಯೋ ಕರಿಮರವೋ, ಅದರಲ್ಲಿ ದಂತದ ಕೆತ್ತನೆ, ಜಾಯಿಂಟ್ ಬಳಿ ದಂತದ ಬಳೆ. ದಂತದ ವ್ಯಾಪಾರ ನಮ್ಮಲ್ಲಿ ನಿಂತಿದ್ದು 1986 ಮತ್ತು 1991ರ ತಿದ್ದುಪಡಿಗಳಿಂದ. ಅಮೆರಿಕ ಆಫ್ರಿಕನ್ ಆನೆಯ ದಂತದ ವ್ಯಾಪಾರಕ್ಕೆ ಬಹುಮಟ್ಟಿಗೆ ಬೀಗ ಹಾಕಿದ್ದು 2016ರಲ್ಲಿ. ಅಲ್ಲಿನ ಸಂಗ್ರಹಗಾರರು ಎಷ್ಟೋ ಜನ ಹಳೇ ಕ್ಯೂ ಇಟ್ಟುಕೊಂಡು, ಮಾರೋಕೂ ಆಗದೆ, ಗಡಿ ದಾಟಿಸೋಕೂ ಆಗದೆ ಕೂತರು. 2017ರಲ್ಲಿ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಬಂತು, ಸಣ್ಣ ಸಿದ್ಧ ವಸ್ತುಗಳಿಗೆ ಸಡಿಲಿಕೆ ಸಿಕ್ಕಿದ್ದು ಆಮೇಲೆ. ದಂತದ ವಿಷಯದಲ್ಲಿ ನನಗೆ ಯಾವ ಮರುಕವೂ ಇಲ್ಲ. ಸೂಜಿ ಮೊನೆಗೆ ಆನೆ ಬೇಕಿಲ್ಲ, ಕೈ ಬೇಕು.

ಈಗಿನ ಹುಡುಗರು ಕಾರ್ಬನ್ ಫೈಬರ್ ಶಾಫ್ಟ್ ಹಿಂದೆ ಬಿದ್ದಿದ್ದಾರೆ. ತಪ್ಪಲ್ಲ. ಮಂಗಳೂರಿನ ಮಳೆಗಾಲದಲ್ಲಿ ಮೇಪಲ್ ಶಾಫ್ಟ್ ಗೋಡೆಗೆ ಒರಗಿಸಿಟ್ಟು ನೋಡಿ, ಟೇಬಲ್ ಮೇಲೆ ಉರುಳಿಸಿದಾಗ ಕುಣಿಯೋಕೆ ಶುರುಮಾಡುತ್ತೆ. ಕಾರ್ಬನ್ ಬಾಗಲ್ಲ, ಊದಿಕೊಳ್ಳಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗೀತು. ಆಟಕ್ಕೆ ನಾನೂ ಅದನ್ನೇ ಹಾಕ್ತೀನಿ. ಆದರೆ ಕಾರ್ಬನ್ ಶಾಫ್ಟನ್ನ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ತೊಡೆಮೇಲೆ ಹಾಕ್ಕೊಂಡು ಯಾರೂ ನೋಡ್ತಾ ಕೂರಲ್ಲ. ನಾನಂತೂ ಕೂರಲ್ಲ.

ಇನ್ನು "ಹೂಡಿಕೆ" ಅನ್ನೋ ಪಂಗಡ ಇದೆ. ಕೇಸಿನಿಂದ ಹೊರಗೇ ತೆಗೆಯಲ್ಲ, ಚಾಕ್ ಮುಟ್ಟಿಸಲ್ಲ, ಐದು ವರ್ಷ ಬಿಟ್ಟು ಡಬಲ್ ಅಂತಾರೆ. ಹೆಸರಾಂತ ಕೆಲವರ ಕ್ಯೂ ಬಿಟ್ಟರೆ ಮಿಕ್ಕಿದ್ದು ಪಾರ್ಲರ್ ಬಾಗಿಲು ದಾಟಿದ ಕ್ಷಣವೇ ಸೆಕೆಂಡ್ ಹ್ಯಾಂಡ್. ದುಡ್ಡು ಬೆಳೆಸೋ ಆಸೆ ಇದ್ದರೆ ಅದಕ್ಕೆ ಬ್ಯಾಂಕುಗಳಿವೆ, ಚೀಟಿಗಳಿವೆ. ಇನ್ನೊಂದು ಪಂಗಡ ದುಬಾರಿ ಕ್ಯೂ ತಂದು ಪಾರ್ಲರ್ ಕೋಲು ಹಿಡಿದ ಹುಡುಗನನ್ನ ಮೇಲಿಂದ ಕೆಳಗೆ ನೋಡೋರು. ಶನಿವಾರ ಸಂಜೆ ಯಾವ ಪಾರ್ಲರ್‌ಗಾದರೂ ಹೋಗಿ. ಟಿಪ್ ಅರ್ಧ ಸವೆದ, ಸ್ವಲ್ಪ ಸೊಟ್ಟಗಿನ ಕೋಲನ್ನ ರ‍್ಯಾಕ್‌ನಿಂದ ಎತ್ತಿಕೊಂಡು, ಚಪ್ಪಲಿ ಹಾಕಿದ ಪಿಯುಸಿ ಹುಡುಗ ಒಂದೇ ಸರದೀಲಿ ಟೇಬಲ್ ಖಾಲಿ ಮಾಡ್ತಾನೆ. ಆಗ ನಮ್ಮ ಕೇಸುಗಳೆಲ್ಲ ಮೂಲೇಲಿ ಕೂತಿರುತ್ತವೆ. ಕೋಲು ಕೂಡಿಡೋದು ಒಂದು ಹವ್ಯಾಸ, ಆಡೋದು ಇನ್ನೊಂದು. ಎರಡೂ ಒಬ್ಬನಿಗೇ ಇರಬಹುದು, ಒಂದು ಇನ್ನೊಂದಕ್ಕೆ ಸರ್ಟಿಫಿಕೇಟ್ ಅಲ್ಲ.

ಹೆಂಡತಿಗೆ ಈಗ ನೇರವಾಗಿ ಹೇಳ್ತೀನಿ: ಆಡೋಕಲ್ಲ, ಚೆನ್ನಾಗಿದೆ ಅಂತ ತಂದೆ. ಬೈಗುಳ ಅಷ್ಟೇ ಬೀಳುತ್ತೆ, ಆದರೆ ವಾದ ಬೇಗ ಮುಗಿಯುತ್ತೆ. ಒಂದು ಸಲ ಅವಳೇ ಬೀಟೆ ಬಟ್ಟನ್ನ ಬೆಳಕಿಗೆ ಹಿಡಿದು "ಈ ಮೊನೆ ಸ್ವಲ್ಪ ಗಿಡ್ಡ ಅಲ್ವೇನ್ರೀ?" ಅಂದಳು. ಗಿಡ್ಡ ಇತ್ತು. ಮಾರಿದವನು ಹೇಳಿರಲಿಲ್ಲ.

ಕೊನೆಗೆ ಒಂದು ಕೋರಿಕೆ. ಸ್ನೂಕರ್ ಹುಟ್ಟಿದ್ದು 1875ರ ಜಬಲ್‌ಪುರದಲ್ಲಿ, ನಿಯಮಗಳನ್ನ ಗೋಡೆಗೆ ಅಂಟಿಸಿದ್ದು 1882ರಲ್ಲಿ ನಮ್ಮ ಪಕ್ಕದ ಊಟಿ ಕ್ಲಬ್‌ನಲ್ಲಿ. ಕೊಡಗು, ಚಿಕ್ಕಮಗಳೂರು ಕಡೆ ಪ್ಲಾಂಟರ್ಸ್ ಕ್ಲಬ್‌ಗಳ ಬಿಲಿಯರ್ಡ್ಸ್ ಕೋಣೆಗಳಲ್ಲಿ ಹಳೇ ಕಾಲದ ಕ್ಯೂಗಳು ರ‍್ಯಾಕಿನಲ್ಲಿ ಸುಮ್ಮನೆ ನಿಂತಿರಬಹುದು, ಅಜ್ಜನ ಕಾಲದ ಲಾಕರ್‌ನಲ್ಲಿ ತಗಡಿನ ಕೇಸಿನೊಳಗೂ ಇರಬಹುದು. ಟಿಪ್ ಹೋಗಿದ್ದರೂ ಪರವಾಗಿಲ್ಲ, ಬಾಗಿದ್ದರೂ ಪರವಾಗಿಲ್ಲ. ಬಿಸಾಡೋಕೆ ಮುಂಚೆ, ಗುಜರಿಯವನಿಗೆ ಕೊಡೋಕೆ ಮುಂಚೆ ಬಟ್‌ನ ಒಂದು ಫೋಟೊ ತೆಗೆದು ಕಳಿಸಿ. ಮೊನೆಗಳು ಸ್ಪಷ್ಟವಾಗಿ ಕಾಣೋ ಹಾಗೆ, ನಾಲ್ಕೂ ಬದಿಯಿಂದ. ದಂತ ಇದ್ದರೆ ಫೋಟೊ ಒಂದೇ ಸಾಕು, ಕೋಲು ಬೇಡ. ಕಾಮೆಂಟ್‌ನಲ್ಲೇ ಹಾಕಿ, ಇನ್‌ಬಾಕ್ಸ್‌ಗೆ ಬರಬೇಡಿ. ಮನೇಲಿ ಎಲ್ಲ ಗೊತ್ತಿದೆ, ಮುಚ್ಚಿಡೋದು ಏನೂ ಉಳಿದಿಲ್ಲ.